ಗಾಯಕ್ಕೆ ಸಗಣಿ ಹಚ್ಚಬೇಡಿ: ಧನುರ್ವಾಯುವಿನ ಬಗ್ಗೆ ಎಚ್ಚರವಿರಲಿ



ಕೊಟ್ಟಿಗೆಯಲ್ಲಿ ಮೊಳೆ ಚುಚ್ಚಿದಾಗ ‘ತುಕ್ಕಿನಿಂದ ನಂಜಾಯಿತು’ ಎನ್ನುವುದುಂಟು. ನಿಜವಾದ ಕಾರಣ ತುಕ್ಕಲ್ಲ. ಅದಕ್ಕೆ ಅಂಟಿದ ಮಣ್ಣು, ಸಗಣಿಯಲ್ಲಿರುವ ಕ್ಲಾಸ್ಟ್ರಿಡಿಯಂ ಟೆಟಾನಿ ಎಂಬ ರೋಗಾಣು. ಇದು ದನ, ಕುದುರೆಗಳ ಕರುಳಿನಲ್ಲಿದ್ದು ಸಗಣಿ, ಲದ್ದಿಯ ಮೂಲಕ ಮಣ್ಣು ಸೇರುತ್ತದೆ. ಇದರ ಬೀಜಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಗಾಳಿಯಾಡದ ಆಳವಾದ ಗಾಯದೊಳಗೆ ಸೇರಿದರೆ ರೋಗಾಣು ಬೆಳೆದು ವಿಷ ಉತ್ಪಾದಿಸುತ್ತದೆ. ಈ ವಿಷ ನರಗಳ ಮೇಲೆ ಪರಿಣಾಮ ಬೀರುವುದರಿಂದ ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ದವಡೆ ಕಚ್ಚಿಕೊಳ್ಳುತ್ತದೆ. ನಂತರ ಕುತ್ತಿಗೆ, ಬೆನ್ನು ಸೆಟೆದು ಮೈ ಬಿಲ್ಲಿನಂತೆ ಬಾಗುತ್ತದೆ. ಧನುರ್ವಾಯು ಎಂಬ ಹೆಸರು ಬಂದದ್ದು ಇದರಿಂದಲೇ. ಉಸಿರಾಟ ನಿಂತು ಸಾವೂ ಬರಬಹುದು.

ಆದ್ದರಿಂದ ಗಾಯಕ್ಕಾಗಲಿ, ಹಸುಗೂಸಿನ ಹೊಕ್ಕುಳಿಗಾಗಲಿ ಸಗಣಿ, ಬೂದಿ ಹಚ್ಚಬೇಡಿ. ಗಾಯವನ್ನು ಕೂಡಲೇ ಸೋಪು ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಗರ್ಭಿಣಿಯರಿಗೆ ಟಿ.ಡಿ. (ಹಿಂದಿನ ಟಿ.ಟಿ.) ಚುಚ್ಚುಮದ್ದು ತಪ್ಪದೆ ಹಾಕಿಸಿ. ಲಸಿಕೆ ಮತ್ತು ಶುಚಿಯಾದ ಹೆರಿಗೆಯ ಫಲವಾಗಿ 2015ರಲ್ಲಿ ಭಾರತವು ಬಾಣಂತಿ ಹಾಗೂ ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನೆಯ ಮಟ್ಟಕ್ಕೆ ತಂದಿತು. ಆದರೆ ರೋಗಾಣು ಮಣ್ಣಿನಿಂದ ಹೋಗಿಲ್ಲ. ಒಮ್ಮೆ ರೋಗ ಬಂದು ವಾಸಿಯಾದವರಿಗೂ ಲಸಿಕೆ ಬೇಕೇ ಬೇಕು.

ರಾಸುಗಳಿಗೂ ಈ ರೋಗ ಬರುತ್ತದೆ. ಬೀಜ ಒಡೆಸುವಾಗ, ಮೂಗು ಚುಚ್ಚುವಾಗ ಶುಚಿಯಾದ ಸಲಕರಣೆ ಬಳಸಿ; ಹುಟ್ಟಿದ ಕರುವಿನ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ.