ತೊಗಲಿನ ಸೀಟು ಪಳಗುವ ಬಗೆ

ಸೈಕಲ್ಲಿನ ಹೊಸ ತೊಗಲಿನ ಸೀಟಿಗೆ ಬೆರಳಿನಿಂದ ಕುಟ್ಟಿದರೆ ಹಲಗೆ ಕುಟ್ಟಿದಂತೆ ಸದ್ದು ಬರುತ್ತದೆ. ಇದರ ಮೇಲೆ ಕೂತು ಕಲಬುರಗಿಯ ಖೂಬಾ ಪ್ಲಾಟಿನಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದವರೆಗೆ, ಅಂದರೆ ಸುಮಾರು 35 ಕಿ.ಮೀ., ತುಳಿಯಬೇಕೆಂದರೆ ಯಾರಿಗಾದರೂ ಅಳುಕಾಗುತ್ತದೆ. ಆ ಅಳುಕಿನಲ್ಲಿ ಬಹಳ ಮಂದಿ ಸೀಟಿಗೆ ಎಣ್ಣೆ ಕುಡಿಸಲು ಹೊರಡುತ್ತಾರೆ. ದಯವಿಟ್ಟು ಬೇಡ. ಈ ಸೀಟು ಪಳಗುವುದು ಕೂತು ತುಳಿದಾಗ, ಎಣ್ಣೆಯಿಂದಲ್ಲ.

ಯಾಕೆಂದು ತಿಳಿಯಲು ಸೀಟನ್ನು ತಿರುಗಿಸಿ ಅಡಿಭಾಗ ನೋಡಿ. ಒಳಗೆ ಸ್ಪಂಜಿಲ್ಲ, ಪ್ಲಾಸ್ಟಿಕ್ಕಿನ ತಳವಿಲ್ಲ. ಹೆಚ್ಚುಕಡಿಮೆ 5 ಮಿ.ಮೀ. ದಪ್ಪದ ಒಂದೇ ತುಂಡು ತೊಗಲು. ಹಿಂದೆ ಅಗಲವಾದ ಉಕ್ಕಿನ ಪಟ್ಟಿಗೂ ಮುಂದೆ ಮೂತಿಗೂ ರಿವೀಟು ಹೊಡೆದು ಅದನ್ನು ಬಿಗಿದಿರುತ್ತಾರೆ. ನಡುವೆ ಯಾವ ಆಸರೆಯೂ ಇಲ್ಲ. ಕೂತಾಗ ಭಾರವೆಲ್ಲ ಕುಂಡೆಯೊಳಗಿನ ಎರಡು ಎಲುಬುಗಳ ಕೆಳಗೆ ಬೀಳುತ್ತದೆ. ಮೈಯ ಬಿಸಿ, ಬೆವರಿನ ಪಸೆ, ತುಳಿತದ ಒತ್ತಡ ಸೇರಿ ಅಲ್ಲಿನ ನಾರು ಮೆಲ್ಲಗೆ ಸಡಿಲಾಗಿ ಎರಡು ತಗ್ಗು ಮೂಡುತ್ತವೆ. ಅವು ಕೂರುವವರ ಎಲುಬಿನ ಅಳತೆಗೇ ಮೂಡುವುದರಿಂದ ಅಣ್ಣ ಪಳಗಿಸಿದ ಸೀಟು ತಮ್ಮನಿಗೆ ಹಿತವಾಗಲಿಕ್ಕಿಲ್ಲ.

ಮೂಡಿದ ತಗ್ಗು ಹಾಗೇ ಉಳಿಯುವುದಕ್ಕೆ ಕಾರಣ ಹದ ಮಾಡಿದ ರೀತಿ. ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ ತೊಗಲು ಮೆತ್ತಗೆ, ಒತ್ತಿದರೆ ಮತ್ತೆ ಮೇಲೇಳುತ್ತದೆ. ಸೀಟಿಗೆ ಬೇಕಾದದ್ದು ಗಿಡದ ಒಗರಿನಲ್ಲಿ ನೆನೆಸಿ ಹದ ಮಾಡಿದ ಗಟ್ಟಿ ತೊಗಲು. ನಮ್ಮ ಕಡೆ ಇದಕ್ಕೆ ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ ಬಳಸಿದ್ದಾರೆ. ಕಮಲಾಪುರ ದಾಟಿ ಇದೇ ರಸ್ತೆಯಲ್ಲಿ ಹುಮನಾಬಾದಿಗೆ ಹೋಗಿ ಹೊರಳಿದರೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ತೊಗಲು ಹದ ಮಾಡುವ ಡೋಹರ ಕಕ್ಕಯ್ಯನೂ ಕೆರ ಹೊಲಿಯುವ ಹರಳಯ್ಯನೂ ಶರಣರ ನಡುವೆ ಸರಿಸಮ ಕೂತ ಊರು ಅದು. ಈ ಕಸುಬಿನ ಜಾಣ್ಮೆಗೆ ನಾವು ಇನ್ನೂ ತಕ್ಕ ಮರ್ಯಾದೆ ಕೊಟ್ಟಿಲ್ಲ ಎಂದೇ ನನ್ನ ಅನಿಸಿಕೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಬ್ರೂಕ್ಸ್ ಕಂಪನಿ 1866ರಲ್ಲಿ ಶುರುವಾದದ್ದೂ ಕುದುರೆಯ ತೊಗಲು ಸರಂಜಾಮಿನಿಂದ. ಸೈಕಲ್ ಸೀಟಿಗೆ ಅದರ ಪೇಟೆಂಟ್ ಸಿಕ್ಕಿದ್ದು 1882ರಲ್ಲಿ.

ಮೊದಲ ಕೆಲವು ವಾರ ಸೂಪರ್ ಮಾರ್ಕೆಟ್, ಸ್ಟೇಶನ್ ಎಂದು ಊರೊಳಗೇ ಓಡಾಡಿ. ಸೀಟು ಮಟ್ಟವಾಗಿರಲಿ, ಮೂತಿ ಕೂದಲೆಳೆಯಷ್ಟು ಮೇಲಿದ್ದರೂ ಸರಿ. ಮೂತಿ ತಗ್ಗಿದ್ದರೆ ಮುಂದಕ್ಕೆ ಜಾರಿ ಕೈ ನೋಯುತ್ತದೆ. ಜೇನುಮೇಣವೂ ಕೊಬ್ಬೂ ಬೆರೆತ ಸೀಟಿನ ಮುಲಾಮನ್ನು ಬಟ್ಟೆಯಿಂದ ಮೇಲೆ ತೆಳ್ಳಗೆ ಸವರಿ. ಅಡಿಯ ಒರಟು ಮೈ ಹೆಚ್ಚು ಹೀರುತ್ತದೆ, ಅಲ್ಲಿ ತುಸು ಧಾರಾಳವಾಗಿರಲಿ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತಿಕ್ಕಿ ಒರೆಸಿ, ಇಲ್ಲವಾದರೆ ಬಿಳಿ ಪೈಜಾಮಕ್ಕೆ ಕಲೆ ಖಂಡಿತ. ವರ್ಷಕ್ಕೆ ಎರಡು ಮೂರು ಸಲ ಸಾಕು. ಚಪ್ಪಲಿಗೆ ಔಡಲೆಣ್ಣೆ ಹಾಕುವ ರೂಢಿ ಇದೆಯಲ್ಲ ಎನ್ನಬಹುದು. ಚಪ್ಪಲಿಯ ಕೆಳಗೆ ನೆಲ ಇರುತ್ತದೆ. ಸೀಟಿನ ತೊಗಲು ಗಾಳಿಯಲ್ಲಿ ನಿಂತೇ ಭಾರ ಹೊರಬೇಕು. ಎಣ್ಣೆ ಕುಡಿದು ನಾರು ಸಡಿಲಾದರೆ ಅದು ಜೋತುಬೀಳುತ್ತದೆ, ಮತ್ತೆ ಬಿಗಿಯಾಗದು.

ಕಲಬುರಗಿಯಲ್ಲಿ ಮಳೆಗಿಂತ ಬಿಸಿಲಿಗೇ ಹೆಚ್ಚು ಹೆದರಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಧಗೆಯಲ್ಲಿ ದಿನವಿಡೀ ನಿಂತ ಸೀಟು ಪಸೆ ಕಳೆದುಕೊಂಡು ಬಿರಿಯುತ್ತದೆ. ಬೇವಿನ ನೆರಳು ಹುಡುಕಿ, ಸಿಗದಿದ್ದರೆ ಬಟ್ಟೆ ಹೊದಿಸಿ. ಮಳೆಯಲ್ಲಿ ಮಡ್‌ಗಾರ್ಡ್ ಇಲ್ಲದ ಸೈಕಲ್ಲಿಗೆ ನೀರು ಅಡಿಯಿಂದ ಸಿಡಿಯುತ್ತದೆ. ತೊಯ್ದು ತೊಪ್ಪೆಯಾದ ಸೀಟಿನ ಮೇಲೆ ಕೂರಬೇಡಿ, ಆಗ ತೊಗಲು ಹಿಗ್ಗಿಬಿಡುತ್ತದೆ. ಒರೆಸಿ, ನೆರಳಲ್ಲೇ ಆರಿಸಿ. ಬಿಸಿಲಿಗಿಟ್ಟರೆ ಮುದುಡಿ ಸೆಟೆಯುತ್ತದೆ.

ಮೂತಿಯ ಕೆಳಗೆ ತೊಗಲು ಬಿಗಿಯುವ ನಟ್ಟನ್ನು ಹೊಸತರಲ್ಲಿ ಮುಟ್ಟಬೇಡಿ. ತೊಗಲು ನಿಜಕ್ಕೂ ಜೋತ ಮೇಲೆ ಪಾನಾದಿಂದ ಕಾಲು ಸುತ್ತು ತಿರುಗಿಸಿ, ಕೆಲವು ದಿನ ತುಳಿದು ನೋಡಿ. ಅತಿಯಾಗಿ ಬಿಗಿದರೆ ರಿವೀಟಿನ ತೂತಿನಿಂದಲೇ ಹರಿಯಲು ಶುರುವಾಗುತ್ತದೆ. ನಟ್ಟು ಬಿಗಿದರೂ ಪಕ್ಕಗಳು ಹೊರಚಾಚಿ ತೊಡೆಗೆ ಉಜ್ಜುತ್ತಿದ್ದರೆ ಚಪ್ಪಲಿ ಹೊಲಿಯುವವರ ಬಳಿ ಒಯ್ಯಿರಿ. ಎರಡೂ ಅಂಚಿಗೆ ತೂತು ಹಾಕಿಸಿ ಅಡಿಯಿಂದ ದಾರ ಎಳೆದು ಕಟ್ಟಿಸಿದರೆ ಹಳೆಯ ಸೀಟು ಇನ್ನಷ್ಟು ಕಾಲ ಬಾಳುತ್ತದೆ.