ಗೇಮ್ ಚಟ ಸ್ಕ್ಯಾನ್‌ನಲ್ಲಿ ಕಾಣುತ್ತದೆಯೇ?

‘ಗೇಮ್ ಆಡಿ ಆಡಿ ಐಕ್ಳು ತಲೆನೇ ಕೆಟ್ಟೋಯ್ತದೆ.’ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಮೊಬೈಲ್ ಹಿಡಿದ ಹುಡುಗನಿರುವ ಮನೆಯಲ್ಲಿ ಈ ಮಾತು ಬರದೇ ಇರುವುದಿಲ್ಲ. ಈಗ ಅದಕ್ಕೆ ವಿಜ್ಞಾನದ ಬಣ್ಣವೂ ಸೇರಿದೆ: ಆಟದ ಚಟ ಹತ್ತಿದರೆ ಮಿದುಳಿನ ‘ವೈರಿಂಗ್’ ಕೆಡುತ್ತದಂತೆ, ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದಂತೆ. ಈ ಅಂತೆಕಂತೆಯ ಹಿಂದೆ ನಿಜವಾದ ಅಧ್ಯಯನಗಳಿವೆ. ಆದರೆ ಅವು ಹೇಳಿದ್ದು ಒಂದು, ಮನೆಮನೆಗೆ ತಲುಪಿದ್ದು ಇನ್ನೊಂದು.

ಹೆಚ್ಚು ಚರ್ಚೆಯಾದದ್ದು ದಕ್ಷಿಣ ಕೊರಿಯಾದ ಚುಂಗ್-ಆಂಗ್ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸೇರಿ ನಡೆಸಿದ ಅಧ್ಯಯನ. ಡೌಗ್ ಹ್ಯುನ್ ಹಾನ್, ಜೆಫ್ರಿ ಆ್ಯಂಡರ್ಸನ್ ಮತ್ತು ಸಂಗಡಿಗರು ಗೇಮ್ ಚಟವಿದ್ದ 78 ಹುಡುಗರ ಮಿದುಳನ್ನು ಚಟವಿಲ್ಲದ 73 ಹುಡುಗರ ಮಿದುಳಿನ ಜೊತೆ ಹೋಲಿಸಿದರು. ಫಲಿತಾಂಶ 2015ರ ಕೊನೆಗೆ ‘ಅಡಿಕ್ಷನ್ ಬಯಾಲಜಿ’ ಪತ್ರಿಕೆಯಲ್ಲಿ ಬಂತು. ಚಟವಿದ್ದವರಲ್ಲಿ 7 ಜೋಡಿ ಭಾಗಗಳ ನಡುವಿನ ಸಂಪರ್ಕ ಹೆಚ್ಚಿತ್ತು. ಗಮನಿಸಬೇಕಾದ್ದು ಇಲ್ಲೇ: ಸಂಪರ್ಕ ತುಂಡಾಗಿರಲಿಲ್ಲ, ಹೆಚ್ಚಾಗಿತ್ತು. ಕಣ್ಣಿನ ಚಲನೆಯನ್ನು ನೋಡಿಕೊಳ್ಳುವ ಭಾಗ, ಕಿವಿಗೆ ಬಿದ್ದ ಸದ್ದನ್ನು ಗ್ರಹಿಸುವ ಭಾಗಗಳು, ‘ಇದು ಮುಖ್ಯ, ಇತ್ತ ನೋಡು’ ಎಂದು ಎಚ್ಚರಿಸುವ ಜಾಲದೊಡನೆ ಬಿಗಿಯಾಗಿ ಹೊಂದಿಕೊಂಡಿದ್ದವು. ಇದು ಬಹುಕಾಲ ಆಡಿದ ಅಭ್ಯಾಸದ ಫಲವಿರಬಹುದು ಎಂದು ಸಂಶೋಧಕರೇ ಬರೆದರು. ಸದ್ದು ಕೇಳಿದ ಕೂಡಲೇ ಗುರಿಯತ್ತ ತಿರುಗುವುದು ಕೆಲವು ಕೆಲಸಗಳಲ್ಲಿ ಅನುಕೂಲವೂ ಹೌದು.

ಹಾಗೆಂದು ಎಲ್ಲವೂ ಸರಿಯಿತ್ತು ಎಂದಲ್ಲ. ಯೋಚಿಸಿ ನಿರ್ಧರಿಸಲು ನೆರವಾಗುವ ಹಣೆಯ ಹಿಂದಿನ ಒಂದು ಭಾಗಕ್ಕೂ ಕಿವಿಯ ಮೇಲ್ಗಡೆಯ ಇನ್ನೊಂದು ಭಾಗಕ್ಕೂ ಇದ್ದ ಹೆಚ್ಚಿನ ಸಂಪರ್ಕ ಕಳವಳದ ವಿಷಯ. ಮನಸ್ಸಿನ ಬೇರೆ ಕೆಲವು ತೊಂದರೆಗಳಲ್ಲೂ ಅಂಥದ್ದು ಕಂಡುಬಂದಿದೆ. ಆದರೆ ಆಟದಿಂದ ಸಂಪರ್ಕ ಹೆಚ್ಚಿತೋ, ಮೊದಲೇ ಹಾಗಿದ್ದ ಮಿದುಳು ಆಟಕ್ಕೆ ಬೇಗ ಒಲಿಯಿತೋ? ಒಂದೇ ಸಲ ಸ್ಕ್ಯಾನ್ ಮಾಡಿ ಇದಕ್ಕೆ ಉತ್ತರ ಹೇಳಲಾಗದು.

‘ಸಂಪರ್ಕ’ ಎಂದಾಗ ನಾವು ತಂತಿಯನ್ನು ನೆನೆಯುತ್ತೇವೆ. ತಪ್ಪು ಕಲ್ಪನೆಯ ಬೇರು ಅಲ್ಲಿದೆ. ಈ ಅಧ್ಯಯನದಲ್ಲಿ ಬಳಸಿದಂಥ ಎಂಆರ್‌ಐ ಸ್ಕ್ಯಾನ್ ಅಳೆಯುವುದು ಮಿದುಳಿನ ಬೇರೆಬೇರೆ ಕಡೆ ರಕ್ತದ ಆಮ್ಲಜನಕ ಏರಿಳಿಯುವುದನ್ನು. ವ್ಯಕ್ತಿ ಸುಮ್ಮನೆ ಮಲಗಿರುವಾಗಲೂ ದೂರದೂರದ ಭಾಗಗಳಲ್ಲಿ ಈ ಏರಿಳಿತ ಒಟ್ಟೊಟ್ಟಿಗೆ ನಡೆಯುತ್ತದೆ ಎಂದು 1995ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಭಾಗಗಳನ್ನು ‘ಸಂಪರ್ಕ ಉಳ್ಳವು’ ಎನ್ನುತ್ತಾರೆ. ಮಂಡ್ಯ ಸೀಮೆಯ ರೈತರಿಗೆ ಇದರ ಸೂಕ್ಷ್ಮ ಬೇಗ ತಿಳಿದೀತು. ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಮದ್ದೂರು ಕಡೆಯ ಕಾಲುವೆಯಲ್ಲೂ ನೀರು ಏರುತ್ತದೆ, ಮಳವಳ್ಳಿ ಕಡೆಯ ಕಾಲುವೆಯಲ್ಲೂ ಏರುತ್ತದೆ. ನಿಲ್ಲಿಸಿದರೆ ಎರಡೂ ಇಳಿಯುತ್ತವೆ. ಅಷ್ಟಕ್ಕೇ ಆ ಎರಡು ಕಾಲುವೆಗಳ ನಡುವೆ ಯಾರೋ ಹೊಸ ತೋಡು ತೆಗೆದಿದ್ದಾರೆ ಎಂದು ಯಾರೂ ಹೇಳುವುದಿಲ್ಲ. ಮಿದುಳಿನ ಸಂಪರ್ಕದ ಚಿತ್ರವನ್ನೂ ಹೀಗೆಯೇ ಎಚ್ಚರದಿಂದ ಓದಬೇಕು.

ಹಾಗಿದ್ದರೆ ಮಗನಿಗೆ ಎಂಆರ್‌ಐ ಮಾಡಿಸಿದರೆ ಚಟ ಇದೆಯೋ ಇಲ್ಲವೋ ತಿಳಿಯುವುದಿಲ್ಲವೆ? ಇಲ್ಲ. ಅಧ್ಯಯನಗಳಲ್ಲಿ ಕಾಣುವ ವ್ಯತ್ಯಾಸ ಗುಂಪಿನ ಸರಾಸರಿಯದ್ದು. ಚಟವಿರುವ ಒಬ್ಬನ ಸ್ಕ್ಯಾನ್ ಚಟವಿಲ್ಲದ ಒಬ್ಬನ ಸ್ಕ್ಯಾನ್‌ನಂತೆಯೇ ಇರಬಹುದು. ಗೇಮ್ ಚಟವನ್ನು ಸ್ಕ್ಯಾನ್ ನೋಡಿ ನಿರ್ಧರಿಸುವ ಪದ್ಧತಿ ಇಲ್ಲ. ಸಾಲ ಮಾಡಿ ಬೆಂಗಳೂರಿಗೋ ಮೈಸೂರಿಗೋ ಓಡಿ, ಅದಕ್ಕಾಗಿಯೇ ಸ್ಕ್ಯಾನ್ ಮಾಡಿಸುವ ಅಗತ್ಯ ಯಾವ ಬಡ ಕುಟುಂಬಕ್ಕೂ ಇಲ್ಲ.

‘ಗೇಮ್ ಅಂದ್ರೆ ಡೋಪಮಿನ್, ಗಾಂಜಾ ಹೊಡೆದಂಗೇಯ’ ಎಂಬುದು ಇನ್ನೊಂದು ನಂಬಿಕೆ. ಇದಕ್ಕೆ ಮೂಲವಾಗಿ ಮತ್ತೆ ಮತ್ತೆ ಉದಾಹರಿಸುವುದು 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಲಂಡನ್ನಿನ ಒಂದು ಪ್ರಯೋಗವನ್ನು. ಟ್ಯಾಂಕ್ ಓಡಿಸುವ ಆಟ ಆಡುವಾಗ 8 ಗಂಡಸರ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾದದ್ದನ್ನು ಅದು ತೋರಿಸಿತ್ತು. ಅವರು ಚಟಗಾರರಲ್ಲ. ಗೆದ್ದ ಪ್ರತಿ ಹಂತಕ್ಕೂ ಅವರಿಗೆ ಹಣ ಸಿಗುತ್ತಿತ್ತು. ಹಸಿದವನಿಗೆ ಊಟ ಸಿಕ್ಕರೂ, ಕ್ಲಾಸಿನಲ್ಲಿ ಮೇಷ್ಟ್ರು ಶಹಬ್ಬಾಸ್ ಅಂದರೂ ಡೋಪಮಿನ್ ಕೆಲಸ ಮಾಡುತ್ತದೆ. ಮಾದಕವಸ್ತು ರಾಸಾಯನಿಕವಾಗಿಯೇ ಮಿದುಳಿನೊಳಗೆ ಕೈಹಾಕುತ್ತದೆ, ಆಟ ಹಾಗಲ್ಲ. ಆಡಿದರೆ ಮಿದುಳು ಸವೆಯುತ್ತದೆ ಎನ್ನುವವರು 2014ರ ಒಂದು ಜರ್ಮನ್ ಅಧ್ಯಯನವನ್ನೂ ನೋಡಬೇಕು. ಎರಡು ತಿಂಗಳು ದಿನಕ್ಕೆ ಅರ್ಧ ಗಂಟೆ ‘ಸೂಪರ್ ಮಾರಿಯೊ 64’ ಆಡಿದ ವಯಸ್ಕರಲ್ಲಿ, ದಾರಿ ನೆನಪಿಡಲು ಬೇಕಾದ ಹಿಪೊಕ್ಯಾಂಪಸ್‌ನ ಬೂದುದ್ರವ್ಯ ಹೆಚ್ಚಿತ್ತು.

ಸಾಕಷ್ಟು ತಂದೆತಾಯಿಗಳು ಗಂಟೆ ಎಣಿಸುತ್ತಾರೆ. ಬೇಸಿಗೆ ರಜೆಯಲ್ಲಿ ಹುಡುಗ ನಾಲ್ಕು ಗಂಟೆ ಆಡಿದರೆ ಚಟ ಹತ್ತಿತು ಎಂದು ಗಾಬರಿ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಗೇಮಿಂಗ್ ಕಾಯಿಲೆಯನ್ನು ಸೇರಿಸಿಕೊಂಡಿದೆ. ಅದರಲ್ಲಿ ಗಂಟೆಗಳ ಲೆಕ್ಕವಿಲ್ಲ. ಅದು ಕೇಳುವುದು ಮೂರು ಸಂಗತಿ: ಆಟದ ಮೇಲೆ ಹಿಡಿತ ತಪ್ಪಿದೆಯೇ, ಬದುಕಿನ ಉಳಿದೆಲ್ಲ ಆಸಕ್ತಿ, ಕೆಲಸಗಳಿಗಿಂತ ಆಟವೇ ಮೇಲಾಗಿದೆಯೇ, ಕೆಡುಕಾಗುತ್ತಿದ್ದರೂ ಆಟ ಮುಂದುವರಿದಿದೆಯೇ. ಇದರಿಂದ ಮನೆ, ಓದು, ಗೆಳೆತನ, ದುಡಿಮೆ ತೀರಾ ಹದಗೆಟ್ಟಿರಬೇಕು. ಸಾಮಾನ್ಯವಾಗಿ 12 ತಿಂಗಳಾದರೂ ಹೀಗಿರಬೇಕು. ಲಕ್ಷಣ ತೀವ್ರವಾಗಿದ್ದರೆ ಅಷ್ಟು ಕಾಯಬೇಕಿಲ್ಲ.

2017ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಜರ್ಮನಿಗಳ ಸುಮಾರು 19 ಸಾವಿರ ಜನರನ್ನು ಪ್ರಶ್ನಿಸಿದ ಅಧ್ಯಯನದಲ್ಲಿ ಇಂಥ ತೀವ್ರ ತೊಂದರೆಯ ಮಟ್ಟ ಮುಟ್ಟಬಹುದಾದವರು ಶೇ 0.3ರಿಂದ 1ರಷ್ಟು ಮಾತ್ರ. ಆಡುವವರೆಲ್ಲ ಚಟಗಾರರಲ್ಲ. ಆದರೆ ಅಂಥ ಒಬ್ಬ ನಮ್ಮ ಮನೆಯಲ್ಲೇ ಇದ್ದರೆ ಶೇಕಡಾವಾರಿನಿಂದ ಸಮಾಧಾನ ಸಿಗದು, ನೆರವು ಬೇಕು.

ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳನ್ನು ಇದರೊಂದಿಗೆ ಕಲಸುವುದೂ ತಪ್ಪು. ಐಸಿಡಿ-11 ಜೂಜಿನ ಕಾಯಿಲೆಯನ್ನು ಬೇರೆಯೇ ಇಟ್ಟಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಒಪ್ಪಿಗೆ ಸಿಕ್ಕಿತು.

ಇನ್ನು ‘ಮೊಬೈಲ್ ಕಿತ್ಕೊಂಡ್ರೆ ಸರಿಹೋಯ್ತದೆ’ ಎನ್ನುವ ನಂಬಿಕೆ. ತಡೆ ಹಾಕಿದ ಮಾತ್ರಕ್ಕೆ ಆಟ ನಿಲ್ಲುವುದಿಲ್ಲ. ಸರ್ಕಾರ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧಿಸಿತು; 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಲ್ಲಿ ಬಂತು. ಚೀನಾ 2019ರಲ್ಲಿ ಮಕ್ಕಳ ಆಟದ ಹೊತ್ತಿಗೆ ಮಿತಿ ಹಾಕಿದ ಮೇಲೂ ಅತಿಯಾಗಿ ಆಡುವುದು ಕಡಿಮೆಯಾದದ್ದಕ್ಕೆ ನಂಬತಕ್ಕ ಪುರಾವೆ ಸಿಗಲಿಲ್ಲ ಎಂದು 2023ರ ವಿಶ್ಲೇಷಣೆಯೊಂದು ಹೇಳಿತು. ಹೊಡೆದು, ಬೈದು ಫೋನ್ ಕಸಿದುಕೊಂಡರೆ ಹುಡುಗ ಗೆಳೆಯನ ಫೋನ್ ಹುಡುಕುತ್ತಾನೆ. ಅವನು ಆಟಕ್ಕೆ ಅಂಟಿಕೊಂಡದ್ದು ಏಕೆಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಕೊರಿಯಾದ ಅಧ್ಯಯನ ಖಿನ್ನತೆಯನ್ನೂ ಗಮನ ನಿಲ್ಲದ ಎಡಿಎಚ್‌ಡಿಯನ್ನೂ ಜೊತೆಗಿಟ್ಟು ನೋಡಿದ್ದು ಸುಮ್ಮನೆ ಅಲ್ಲ: ಎಷ್ಟೋ ಮಕ್ಕಳಲ್ಲಿ ಇವು ಚಟದ ಜೊತೆಗೇ ಇರುತ್ತವೆ. ಫೇಲಾದ ನಾಚಿಕೆ, ಮನೆಯ ಜಗಳ, ಸ್ನೇಹಿತರಿಲ್ಲದ ಒಂಟಿತನಗಳನ್ನೂ ಕೇಳಿ ತಿಳಿಯಬೇಕು.

‘ಇದೆಲ್ಲ ಬೆಂಗಳೂರು ಮಕ್ಕಳ ರೋಗ, ಇಲ್ಲಿ ಯಾರು ನೋಡ್ತಾರೆ’ ಎಂಬ ಮಾತಿಗೂ ಆಧಾರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗಾಗಿ ‘ಶಟ್’ ಕ್ಲಿನಿಕ್ ತೆರೆಯಿತು. ಅದರ ಹಿಂದಿದ್ದವರು ಮನಶ್ಶಾಸ್ತ್ರಜ್ಞ ಡಾ. ಮನೋಜ್ ಕುಮಾರ್ ಶರ್ಮಾ. ಆದರೆ ಮೊದಲ ಹೆಜ್ಜೆಗೆ ಅಷ್ಟು ದೂರ ಹೋಗಬೇಕಿಲ್ಲ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಯಾವ ಮಂಗಳವಾರ ಎಂದು ಮದ್ದೂರು, ಮಳವಳ್ಳಿಯ ಆಸ್ಪತ್ರೆಗಳಲ್ಲೇ ಕೇಳಿಕೊಳ್ಳಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಣ ಕೊಡಬೇಕಿಲ್ಲ. ಹುಡುಗ ಬರಲೊಪ್ಪದಿದ್ದರೆ ಅಪ್ಪ ಅಮ್ಮನೇ ಮೊದಲು ಮಾತಾಡಬಹುದು.