ಬೀದಿನಾಯಿ ಹುಟ್ಟುವುದು ನಮ್ಮ ಅಂಗಳದಲ್ಲೇ

ಗೌರಿಯ ಬಾಯಿಗೆ ಕೈ ಹಾಕಿದವನು ನಾನೇ.

2017ರ ಫೆಬ್ರವರಿ. ಮನೆಯಲ್ಲಿ ಅಡಿಕೆ ಸುಲಿಯುವ ಗಡಿಬಿಡಿ. ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ನಮ್ಮ ಮಲೆನಾಡು ಗಿಡ್ಡ ದನ ಗೌರಿ ಅಕ್ಕಚ್ಚು ಮುಟ್ಟಿರಲಿಲ್ಲ. ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ನೀರಿಗೆ ಮೂತಿ ಇಡುತ್ತಿತ್ತು, ನುಂಗಲಿಕ್ಕೆ ಆಗುತ್ತಿರಲಿಲ್ಲ. ಕೂಗಿದರೆ ಒಡಕು ದನಿ. ನೆರೆಮನೆಯ ಹಿರಿಯರು ಬಂದು ನೋಡಿ, "ಗಂಟಲಲ್ಲಿ ಎಂತದೋ ಸಿಕ್ಕಿಕೊಂಡದೆ ಮಾರಾಯ, ಕೈ ಹಾಕಿ ನೋಡು" ಅಂದರು. ಹಾಕಿದೆ. ಒಳಗೆಲ್ಲ ತಡಕಾಡಿದೆ. ಎಂತದೂ ಸಿಗಲಿಲ್ಲ.

ಸಂಜೆ ಬಂದ ಪಶುವೈದ್ಯರು ದೂರ ನಿಂತೇ ನೋಡಿದರು. ಅವರು ಮೊದಲು ಕೇಳಿದ್ದು ದನದ ವಿಷಯವಲ್ಲ. "ಬಾಯಿಗೆ ಕೈ ಹಾಕಿದವರು ಯಾರು? ಮನೆಯಲ್ಲಿ ನಾಯಿ ಇದೆಯಾ?"

"ಇತ್ತು" ಅಂದೆ. ಹಾಗೆ ಹೇಳುವಾಗಲೇ ಕೈಕಾಲು ತಣ್ಣಗಾಯಿತು.

ನಮ್ಮ ಕರಿಯ ಡಿಸೆಂಬರದಲ್ಲಿ ರಸ್ತೆಯ ಮೇಲೆ ಯಾವುದೋ ಪರಊರಿನ ನಾಯಿಯೊಟ್ಟಿಗೆ ಕಚ್ಚಾಡಿಕೊಂಡು ಬಂದಿತ್ತು. ನಾಯಿ ಅಂದ ಮೇಲೆ ಕಚ್ಚಾಟ ಇದ್ದದ್ದೇ ಎಂದು ಸುಮ್ಮನಾದೆವು. ತಿಂಗಳು ಕಳೆದ ಮೇಲೆ ಅದು ಅನ್ನ ಬಿಟ್ಟಿತು. ಕಟ್ಟಿಗೆ ರಾಶಿಯ ಸಂದಿಯಲ್ಲಿ ಮುದುಡಿ ಮಲಗಿತು. ಒಂದು ರಾತ್ರಿ ಕೊಟ್ಟಿಗೆಯಲ್ಲಿ ಗಲಾಟೆ ಕೇಳಿತು. ಬೆಳಗಾದರೆ ಕರಿಯ ಇಲ್ಲ. ಗೌರಿಯ ಮೂಗಿನ ಹತ್ತಿರ ಸಣ್ಣ ಗಾಯ. ಬೇಲಿಯ ಮುಳ್ಳು ತಾಗಿರಬೇಕು ಅಂದುಕೊಂಡೆವು. ಮೂರು ದಿನ ಬಿಟ್ಟು ಕರಿಯ ಹೊಳೆ ದಂಡೆಯಲ್ಲಿ ಸತ್ತು ಬಿದ್ದಿತ್ತು. ಹಾವು ಕಚ್ಚಿತೋ ಏನೋ ಎಂದೆವು. ಐದು ವರ್ಷ ತೋಟ ಕಾದ ನಾಯಿ. ಅದಕ್ಕೆ ಒಂದೇ ಒಂದು ಲಸಿಕೆ ಹಾಕಿಸಿರಲಿಲ್ಲ.

ಗೌರಿ ನಾಲ್ಕನೇ ದಿನ ಸತ್ತಿತು. ಆಳವಾದ ಹೊಂಡ ತೆಗೆದು, ಸುಣ್ಣ ಹಾಕಿ ಹುಗಿದೆವು.

ಕತ್ತಿಯ ಗೀರು, ಹುಚ್ಚಿನ ಜೊಲ್ಲು

ಅಡಿಕೆ ಸುಲಿಯುವವರ ಬೆರಳು ಹೇಗಿರುತ್ತದೆಂದು ಓದುಗರಿಗೆ ಹೇಳಬೇಕಿಲ್ಲ. ಒಂದೊಂದರಲ್ಲೂ ಕತ್ತಿಯ ಗೀರು. ರೇಬೀಸ್ ರೋಗಾಣು ಇರುವುದು ಜೊಲ್ಲಿನಲ್ಲಿ. ಕಚ್ಚಲೇಬೇಕೆಂದಿಲ್ಲ, ಹಸಿಗಾಯಕ್ಕೆ ಜೊಲ್ಲು ತಾಗಿದರೂ ಸಾಕು. ನರದ ದಾರಿಯಲ್ಲಿ ಅದು ನಿಧಾನವಾಗಿ ಮಿದುಳಿಗೆ ಏರುತ್ತದೆ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. ಲಕ್ಷಣ ಕಂಡ ಮೇಲೆ ಬದುಕಿದವರು ಇಲ್ಲವೆಂಬಷ್ಟು ಅಪರೂಪ. ಅದಕ್ಕೆ ಮೊದಲೇ ಚುಚ್ಚುಮದ್ದು ಪೂರ್ತಿ ತೆಗೆದುಕೊಂಡರೆ ಪಾರಾಗಬಹುದು.

ನಾನು, ಹುಲ್ಲು ಹಾಕುತ್ತಿದ್ದ ಆಯಿ, ದನ ಹಿಡಿದುಕೊಂಡಿದ್ದ ನೆರೆಮನೆಯವರು, ಮೂವರೂ ಆಸ್ಪತ್ರೆಗೆ ಹೋದೆವು. ತಲಾ ಐದು ಚುಚ್ಚುಮದ್ದು. ನನಗೆ ಗಾಯವಿದ್ದ ಕೈ ಆದ್ದರಿಂದ ಸೀರಂ ಕೂಡ ಬೇಕಾಯಿತು. ಅದನ್ನು ಹುಡುಕಿಕೊಂಡು ಬೇರೆ ಊರಿಗೆ ಹೋದೆ. ಆಯಿಗೆ ಹಾಲಿನ ಹೆದರಿಕೆ. ಗೌರಿಯ ಹಾಲು ಮನೆಮಂದಿಯೆಲ್ಲ ಕುಡಿದಿದ್ದೆವು. ಕಾಯಿಸಿ ಕುಡಿದ ಹಾಲಿನಿಂದ ಭಯವಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು.

ಅಪ್ಪಯ್ಯ ಮಾತ್ರ "ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ" ಎಂದು ಗೊಣಗುತ್ತಲೇ ಇದ್ದರು. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆಯ ಕತೆ. ನಮ್ಮ ದೇಶದಲ್ಲಿ 2004ರ ಕೊನೆಗೆ ಅದರ ತಯಾರಿಕೆ ನಿಂತಿದೆ. ಈಗ ತೋಳಿಗೆ ಕೊಡುತ್ತಾರೆ. ಆ ಹಳೆಯ ಹೆದರಿಕೆಯಿಂದ ಈಗಲೂ ಆಸ್ಪತ್ರೆ ಬಿಟ್ಟು ನಾಟಿ ಮದ್ದಿಗೆ ಓಡುವವರಿದ್ದಾರೆ. ದಯವಿಟ್ಟು ಬೇಡ.

ಆ ನಾಯಿ ಎಲ್ಲಿಂದ ಬಂತು?

ಚುಚ್ಚುಮದ್ದಿನ ನಡುವಿನ ದಿನಗಳಲ್ಲಿ ನಿದ್ದೆ ಇರಲಿಲ್ಲ. ರಸ್ತೆಯ ಆ ನಾಯಿಯದೇ ಯೋಚನೆ.

ನಮ್ಮ ಕಡೆಯ ಪದ್ಧತಿ ನೋಡಿ. ಮರಿ ಬೇಕೆಂದು ಬರುವವರೆಲ್ಲ ಗಂಡು ಮರಿ ಕೇಳುತ್ತಾರೆ. ಹೆಣ್ಣು ಮರಿ ಯಾರಿಗೂ ಬೇಡ. ಕಣ್ಣು ಬಿಟ್ಟ ಮೇಲೆ ಅವನ್ನು ಗೋಣಿಚೀಲಕ್ಕೆ ತುಂಬಿ ದೂರ ಬಿಟ್ಟು ಬರುವುದು. ಕೊಂದ ಪಾಪ ಬೇಡ, ಸಾಕುವ ರಗಳೆಯೂ ಬೇಡ. ಗೇರುಸೊಪ್ಪೆ ರಸ್ತೆಯ ತಿರುವಿನಲ್ಲೋ ಮೀನುಪೇಟೆ ಹತ್ತಿರವೋ ಬಿಟ್ಟರೆ ಹೇಗೋ ಹೊಟ್ಟೆ ಹೊರೆದುಕೊಳ್ಳುತ್ತದೆ ಎಂಬ ಸಮಾಧಾನ. ನಾನೂ ಎರಡು ಸಲ ಬೈಕಿನಲ್ಲಿ ಕಟ್ಟಿಕೊಂಡು ಹೋಗಿ ಬಿಟ್ಟು ಬಂದವನೇ.

ಈಗ ಲೆಕ್ಕ ಹಾಕಿ. ಹೆಣ್ಣು ನಾಯಿ ಹುಟ್ಟಿದ ಆರೇಳು ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬ ಎರಡು ತಿಂಗಳು. ವರ್ಷಕ್ಕೆ ಎರಡು ಸೂಲು, ಸೂಲಿಗೆ ನಾಲ್ಕೈದು ಮರಿ ಎಂದರೂ ಒಂದೇ ನಾಯಿಯಿಂದ ವರ್ಷಕ್ಕೆ ಎಂಟು ಹತ್ತು. ಬಹಳಷ್ಟು ಸಾಯುತ್ತವೆ. ಉಳಿದವೇ ಬೀದಿನಾಯಿ. ಅವಕ್ಕೆ ಲಸಿಕೆ ಇಲ್ಲ, ಯಜಮಾನ ಇಲ್ಲ. ಕರಿಯನನ್ನು ಕಚ್ಚಿದ್ದು ನಾನು ಬಿಟ್ಟ ಮರಿಯ ಸಂತಾನವೇ ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ಪಂಚಾಯ್ತಿಗೆ ಬೈದು ಮುಗಿಸುವ ಮೊದಲು ಕಾನೂನು ಏನೆನ್ನುತ್ತದೆ ನೋಡೋಣ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದು. ಹಸಿವು ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟು ಹೋಗುವುದು ಅದರ 11ನೇ ಕಲಮಿನ ಪ್ರಕಾರ ಅಪರಾಧ. ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ ಅಪರಾಧವೇ. ದಂಡ ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಆ ಕಾಲಕ್ಕೆ ಬರೆದದ್ದು ಹಾಗೇ ಉಳಿದಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಯ ಹೊಣೆಯನ್ನು ಸ್ಥಳೀಯ ಸಂಸ್ಥೆಗೂ, ಸಾಕುನಾಯಿಯ ಲಸಿಕೆ, ಹುಳದ ಮದ್ದು, ಸಂತಾನಹರಣದ ಹೊಣೆಯನ್ನು ಯಜಮಾನನಿಗೂ ಹೊರಿಸಿವೆ. ಯಜಮಾನ ಅಂದರೆ ನೀವು, ನಾನು.

ಹಾಲಿನ ಸೊಸೈಟಿಯಿಂದ ಶುರು

ನಮ್ಮ ಕತೆ ಊರಿಗೆಲ್ಲ ಗೊತ್ತಾಗಿತ್ತು. ಹೆದರಿಕೆ ಇರುವಾಗಲೇ ಕೆಲಸ ಆಗಬೇಕು. ಹಾಲು ಹಾಕಲು ಬರುವವರ ಹತ್ತಿರ ಕೇಳಿ ಒಂದು ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ಯಾರ ಮನೆಯಲ್ಲಿ ಎಷ್ಟು ನಾಯಿ, ಗಂಡೋ ಹೆಣ್ಣೋ, ಲಸಿಕೆ ಆಗಿದೆಯೋ ಇಲ್ಲವೋ. ಲಸಿಕೆಯ ಕಾಲಂ ಬಹುತೇಕ ಖಾಲಿ.

ಪಶುವೈದ್ಯರನ್ನು ಒಂದು ಭಾನುವಾರ ಕರೆಸಿದೆವು. ಮೊದಲ ಸಲ ಎಲ್ಲ ನಾಯಿಗಳನ್ನು ಒಟ್ಟಿಗೆ ತಂದು ರಣರಂಗವಾಯಿತು. ಈಗ ಕೇರಿಗೊಂದು ಹೊತ್ತು ನಿಗದಿ ಮಾಡುತ್ತೇವೆ. ನಾಯಿಯನ್ನು ಅದರ ಯಜಮಾನನೇ ಹಿಡಿಯಬೇಕು, ಹಗ್ಗ ಗಟ್ಟಿ ಇರಬೇಕು. ಮೂರು ತಿಂಗಳಾದ ಮರಿಗೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದ ಹೊತ್ತಿಗೆ ಇನ್ನೊಂದು, ಮತ್ತೆ ವರ್ಷಕ್ಕೊಮ್ಮೆ. ಒಂದು ಕಿಲೋ ಚಾಲಿಯ ದರದೊಳಗೆ ಮುಗಿಯುವ ಖರ್ಚು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ನಡೆಯುವುದುಂಟು, ಮೊದಲೇ ವಿಚಾರಿಸಿಡಿ.

ಕಷ್ಟವಾದದ್ದು ಸಂತಾನಹರಣದ ಮಾತು. "ಆಪರೇಶನ್ ಮಾಡಿದ ನಾಯಿ ತೋಟ ಕಾಯುದಿಲ್ಲ" ಎಂದವರೇ ಹೆಚ್ಚು. ಕರಿಯನ ಜಾಗಕ್ಕೆ ನಾನು ಬೇಕೆಂದೇ ಹೆಣ್ಣು ಮರಿ ತಂದೆ. ಏಳು ತಿಂಗಳಿಗೆ ಆಪರೇಶನ್ ಮಾಡಿಸಿದೆ. ಹತ್ತು ದಿನ ಒಳಗೆ ಕಟ್ಟಿ, ಹೊಲಿಗೆ ನೆಕ್ಕದಂತೆ ನೋಡಿಕೊಂಡರೆ ಆಯಿತು. ಈಗ ಅದು ಮಂಗ ಓಡಿಸುವುದನ್ನು ನೋಡಿ ಮೊದಲು ನಕ್ಕವರೇ ತಮ್ಮ ನಾಯಿಗೂ ಕೇಳುತ್ತಿದ್ದಾರೆ. ಬೆದೆಯ ತಿರುಗಾಟ ಇಲ್ಲದ್ದರಿಂದ ಮನೆ ಬಿಟ್ಟು ಹೋಗುವುದೇ ಕಡಿಮೆ.

ನಾಯಿಗಳನ್ನು ಹೊಡೆದು ಕೊಂದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಖಾಲಿಯಾದ ಜಾಗಕ್ಕೆ ಲಸಿಕೆ ಇಲ್ಲದ ಹೊಸ ನಾಯಿ ಬರುತ್ತದೆ, ಅಷ್ಟೇ. ಮಾಜಾಳಿ ಗಡಿ ದಾಟಿದರೆ ಗೋವಾ. ಅಲ್ಲಿ ಬೀದಿನಾಯಿ ಸಾಕುನಾಯಿ ಎನ್ನದೆ ವರ್ಷವರ್ಷ ಊರೂರು ತಿರುಗಿ ಲಸಿಕೆ ಹಾಕಿದರು. ನೂರರಲ್ಲಿ ಎಪ್ಪತ್ತು ನಾಯಿಗೆ ಲಸಿಕೆ ಆದರೆ ರೋಗದ ಸರಪಳಿ ತುಂಡಾಗುತ್ತದೆ ಎಂಬುದು ಲೆಕ್ಕ. 2021ರಲ್ಲಿ ಗೋವಾ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಣೆಯಾಯಿತು.

ನಾಯಿಯೂ ಕೆಲಸದಾಳೇ

ಎತ್ತಿಗೆ ಹಿಂಡಿ ಲೆಕ್ಕ ಇಡುವ ನಾವು ನಾಯಿಗೆ ಉಳಿದದ್ದು, ಹಳಸಿದ್ದು ಹಾಕುತ್ತೇವೆ. ಹಸಿದ ನಾಯಿ ರಾತ್ರಿ ರಸ್ತೆಗೆ ಹೋಗುತ್ತದೆ, ಕಚ್ಚಿಸಿಕೊಂಡು ಬರುತ್ತದೆ. ಎರಡು ಹೊತ್ತು ಗಂಜಿ, ನೆರಳಲ್ಲಿ ಒಂದು ಬಾನಿ ನೀರು ಕೊಟ್ಟರೆ ಮನೆಯಲ್ಲೇ ಇರುತ್ತದೆ.

ಕಟ್ಟಲೇಬೇಕೆಂದಿದ್ದರೆ ನಾನು ಮಾಡಿದ ಉಪಾಯ ಇದು. ಮನೆ ಮೂಲೆಯಿಂದ ಕೊಟ್ಟಿಗೆ ಕಂಬದವರೆಗೆ ಗಟ್ಟಿ ತಂತಿ ಎಳೆದು, ಅದರಲ್ಲೊಂದು ಕಬ್ಬಿಣದ ಬಳೆ ಪೋಣಿಸಿ, ಬಳೆಗೆ ಹಗ್ಗ ಕಟ್ಟಿದ್ದೇನೆ. ನಾಯಿ ಬಿಸಿಲಿಂದ ನೆರಳಿಗೆ ತಾನೇ ಓಡಾಡುತ್ತದೆ. ರಾತ್ರಿ ಮಾತ್ರ ಹೊರಗೆ ಕಟ್ಟಬೇಡಿ, ಅದು ಚಿರತೆಗೆ ಊಟ ಕಟ್ಟಿಟ್ಟ ಹಾಗೆ. ಬಾಗಿಲಿರುವ ಗೂಡಿನಲ್ಲಿ ಹಾಕಿ.

ಇನ್ನೊಂದು ಮಾತು. ನಮ್ಮದು ಮಂಗನ ಕಾಯಿಲೆ ಕಂಡ ತಾಲೂಕು. ಬೆಟ್ಟಕ್ಕೆ ಹೋದ ನಾಯಿ, ದನ ಉಣುಗು ಹೊತ್ತು ತರುತ್ತವೆ. ಡಿಸೆಂಬರದಿಂದ ಮೇವರೆಗೆ ನಾಯಿಯ ಕಿವಿ, ಬೆರಳ ಸಂದಿ ದಿನಾ ನೋಡಿ. ಉಣುಗನ್ನು ಬರಿಗೈಯಲ್ಲಿ ಜಜ್ಜಬೇಡಿ. ಮದ್ದನ್ನು ಪಶುವೈದ್ಯರಲ್ಲಿ ಕೇಳಿ ಹಾಕಿ.

ಕಚ್ಚಿದರೆ, ಜೊಲ್ಲು ತಾಗಿದರೆ

• ಗಾಯವನ್ನು ಹರಿಯುವ ನೀರಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನ ಹುಡಿ, ಅರಶಿನ ಹಚ್ಚಬೇಡಿ.
• ಅದೇ ದಿನ ಆಸ್ಪತ್ರೆಗೆ ಹೋಗಿ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಿ. ಆದರೆ ಚುಚ್ಚುಮದ್ದಿಗೆ ಅಲ್ಲಿವರೆಗೆ ಕಾಯಬೇಡಿ.
• ಹೇಳಿದಷ್ಟೂ ಚುಚ್ಚುಮದ್ದು ಪೂರ್ತಿ ಮಾಡಿ. ಎರಡಕ್ಕೆ ನಿಲ್ಲಿಸಬೇಡಿ.
• ದನಕ್ಕೆ ಕಚ್ಚಿದರೂ ಗಾಯ ತೊಳೆಯಬೇಕು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತೊಳೆದು ಪಶುವೈದ್ಯರನ್ನು ಕರೆಸಿ. ದನಕ್ಕೂ ಲಸಿಕೆಯ ಸರಣಿ ಇದೆ.
• ಜೊಲ್ಲು ಸುರಿಸುತ್ತ ನುಂಗಲಾಗದ ದನದ ಬಾಯಿಗೆ ಕೈ ಹಾಕಲೇಬೇಡಿ.

ಕೊನೆಯದನ್ನು ಕಲಿಯಲು ನಾನು ಒಂದು ನಾಯಿ, ಒಂದು ದನ ಕಳೆದುಕೊಂಡೆ. ಓದಿದವರು ಅಷ್ಟು ಕೊಡಬೇಕಿಲ್ಲ. ಮುಂದಿನ ಸಲ ಮರಿ ತರುವಾಗ ಒಂದು ಹೆಣ್ಣು ಮರಿ ತನ್ನಿ, ಆಪರೇಶನ್ ಮಾಡಿಸಿ ಸಾಕಿ. ಗೋಣಿಚೀಲಕ್ಕೆ ಒಂದು ಮರಿ ಕಡಿಮೆಯಾಗುತ್ತದೆ.